ರೊಟ್ಟಿಗೆ ಬಿದ್ದ ಚಪ್ಪಾಳೆ

ಇಂದ್ರವ್ವ ಒಲೆಯ ಪಕ್ಕದ ಡಬ್ಬಿಯ ಗುಂಡಿ ಒತ್ತಿ, ಹಿಟ್ಟಿನ ಉಂಡೆಯ ಮೇಲೆ ಮೊದಲ ಏಟು ಹಾಕಿದಳು. ಚಪ್ಪಾಳೆ ಬಿತ್ತು. ಒಬ್ಬಿಬ್ಬರದಲ್ಲ, ಸಭೆಗೆ ಸಭೆಯೇ ಎದ್ದು ನಿಂತು ತಟ್ಟಿದಂಥ ಚಪ್ಪಾಳೆ. ಎಣಗಾಯಿಗೆ ಕೈ ಹಾಕಿದ್ದ ನಾನು ಹಾಗೆಯೇ ಉಳಿದೆ. ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾರಿಗೋ ಸನ್ಮಾನ ನಡೆದಿದೆ, ತಮಗೇ ಇದ್ದರೂ ಇರಬಹುದು ಎಂದುಕೊಂಡು ಒಬ್ಬರು ಟೋಪಿ ಸರಿಮಾಡಿಕೊಂಡರು. ಚಪ್ಪಾಳೆ ಇಳಿಯುವ ಹೊತ್ತಿಗೆ ಯಾರೋ ಕೆಮ್ಮಿದರು, ಆಮೇಲೆ ಗಡಸು ದನಿಯೊಂದು 'ಅಧ್ಯಕ್ಷರಿಗೆ ಜಯವಾಗಲಿ' ಎಂದಿತು. ಇಂದ್ರವ್ವ ಎತ್ತಿದ ಕೈಯನ್ನು ಎತ್ತಿಕೊಂಡೇ ಕೂತಿದ್ದಳು. ಎರಡನೆಯ ಏಟು ಹಾಕಲು ಅವಳಿಗೆ ಧೈರ್ಯವಾಗಲಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ವಸ್ತುಗಳು ಸದ್ದು ಮಾಡುವುದಿಲ್ಲ. ಮನುಷ್ಯರ ಬಾಯಿ ಮಾಡುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ಮಾಡುತ್ತದೆ, ಅದರಲ್ಲಿ ಕೊರತೆಯಿಲ್ಲ. ಆದರೆ ಕೊಡ ಕೈಜಾರಿ ಬಿದ್ದರೆ ಅದು ಬಿದ್ದದ್ದು ಕಾಲು ಒದ್ದೆಯಾದ ಮೇಲೆ ಗೊತ್ತಾಗುತ್ತದೆ. ಹಾಗೆಂದು ನಾವೇನು ಸದ್ದಿಲ್ಲದೆ ಬದುಕುವ ಕಾಡುಮಂದಿಯಲ್ಲ. ಪ್ರತಿ ವಸ್ತುವಿನ ಪಕ್ಕದಲ್ಲೊಂದು ಡಬ್ಬಿ, ಆ ಡಬ್ಬಿಯಲ್ಲಿ ಆ ವಸ್ತುವಿನ ಸದ್ದು. ಬಾಗಿಲು ತೆಗೆಯುವ ಮೊದಲು ಬಾಗಿಲಿನ ಗುಂಡಿ ಒತ್ತಬೇಕು. ಒತ್ತದೆ ಒಳಗೆ ಬಂದವನನ್ನು ನಾವು ಕಳ್ಳನೆನ್ನುತ್ತೇವೆ, ಮನೆ ಅಳಿಯನಾದರೂ ಸರಿ. ಎಲ್ಲ ಮೂಕವಾಗಿರುವ ಊರಿನಲ್ಲಿ ಡಬ್ಬಿಯೊಂದು ಹೇಗೆ ಸದ್ದು ಮಾಡುತ್ತದೆ ಎಂದು ವರ್ಗವಾಗಿ ಬಂದ ನೌಕರರು ಕೇಳುತ್ತಾರೆ. ನಾವು ಕೇಳಿದವರಲ್ಲ. ನಮಗೆ ಮಾಡಲು ಬೇರೆ ಕೆಲಸವಿದೆ.

ಡಬ್ಬಿಗೆ ತುಂಬುವ ಸದ್ದು ಗಡಿಗಲ್ಲಿನ ಆಚೆಯಿಂದ ಬರಬೇಕು. ಅಲ್ಲಿ ವಸ್ತುಗಳು ಹೇಳದೆ ಕೇಳದೆ ಸದ್ದು ಮಾಡುತ್ತವೆ, ಅವಕ್ಕೆ ಮಾನ ಮರ್ಯಾದೆ ಇಲ್ಲ. ಅದಕ್ಕೇ ನಮ್ಮೂರ ಮಂದಿ ಗಡಿ ದಾಟುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ತನ್ನ ಚಪ್ಪಲಿ, ತನ್ನ ದವಡೆ, ತನ್ನ ಮೊಣಕಾಲು ಎಬ್ಬಿಸುವ ಗದ್ದಲವನ್ನು ತಾನೇ ಕೇಳುವುದು ಒಳ್ಳೆಯ ಮನೆತನದವರಿಗೆ ತಕ್ಕದ್ದಲ್ಲ. ಹೆಣ್ಣು ನೋಡಲು ಹೋದಾಗ ಮಾತ್ರ ಹತ್ತಿ ತೆಗೆಯಬಹುದು. ಏಕೆಂದರೆ ನಮ್ಮವರು ಹುಡುಗಿಯ ಮುಖ ನೋಡುವುದಿಲ್ಲ. ಪಡಸಾಲೆಯಲ್ಲಿ ಕೂತು, ಒಳಗೆ ಅವಳು ಮಾಡುವ ಸದ್ದು ಕೇಳುತ್ತಾರೆ. ಒಪ್ಪಿಗೆಯಾದರೆ ಆ ಸದ್ದನ್ನು ಫೈಲು ಮಾಡಿ ಹುಡುಗಿಯ ಜೊತೆ ಕಳಿಸಬೇಕು. ಫೈಲು ಬರದಿದ್ದರೆ ಹುಡುಗಿಯೂ ಬರುವಂತಿಲ್ಲ.

ಖಾನಾವಳಿ ಗುರುಪಾದಪ್ಪ ಇಂದ್ರವ್ವನನ್ನು ಹಾಗೆಯೇ ಒಪ್ಪಿದ್ದು. ಅವಳ ತವರಿನ ಪಡಸಾಲೆಯಲ್ಲಿ ಹತ್ತಿ ತೆಗೆದು ಕೂತಾಗ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತಂತೆ. ಪಟಪಟ, ಪಟಪಟ, ಎಲ್ಲೂ ತಪ್ಪದೆ, ಎಲ್ಲೂ ನಿಲ್ಲದೆ. ಗುರುಪಾದಪ್ಪ ಅವಲಕ್ಕಿ ತಿನ್ನುವುದನ್ನು ಮರೆತು ಕೂತಿದ್ದನೆಂದು ಅವನ ಜೊತೆ ಹೋದ ನಮ್ಮಪ್ಪ ಹೇಳುತ್ತಿದ್ದ. ಇಂದ್ರವ್ವ ಮದುವೆಯಾಗಿ ಬರುವಾಗ ಗಡಿಗಲ್ಲು ದಾಟಿದ ಹೆಜ್ಜೆಗೇ ಅವಳ ಕಾಲುಂಗುರದ ಸದ್ದು ನಿಂತಿತು. ಅವಳು ಬಗ್ಗಿ ಕಾಲು ನೋಡಿಕೊಂಡಳಂತೆ, ಉಂಗುರ ಬಿದ್ದುಹೋಯಿತೇನೋ ಎಂದು. ಹೆಂಗಸರು ನಕ್ಕರಂತೆ. ಅಂದಿನಿಂದ ಅವಳ ರೊಟ್ಟಿಯ ಫೈಲು ಒಲೆಯ ಪಕ್ಕದ ಡಬ್ಬಿಯಲ್ಲಿ ಕೂತಿತು, ಅವಳು ಅದರ ಲಯಕ್ಕೆ ಕೈ ಹೊಂದಿಸಿಕೊಂಡು ಮೂಕ ರೊಟ್ಟಿ ಬಡಿಯುತ್ತ ಬಂದಳು. ಮಧ್ಯಾಹ್ನ ಆ ಪಟಪಟ ಬೀದಿಗೆ ಬಿತ್ತೆಂದರೆ ನಾನು ಎದುರಿನ ಅಂಗಡಿಯಲ್ಲಿ ಕತ್ತರಿ ಕೆಳಗಿಟ್ಟು ಎದ್ದುಬಿಡುತ್ತಿದ್ದೆ. ನಾನು ದರ್ಜಿ, ಹೆಸರು ರಾಚಪ್ಪ, ಮನೆಯಲ್ಲಿ ಅಡುಗೆ ಮಾಡುವವರಿಲ್ಲ.

ಎಲ್ಲ ಚೆನ್ನಾಗಿಯೇ ಇತ್ತು. ಚೆನ್ನಾಗಿರುವುದನ್ನು ನೋಡಿಕೊಂಡು ಸುಮ್ಮನಿರುವ ಅಭ್ಯಾಸ ನಮ್ಮ ನಗರಸಭೆಗೆ ಇಲ್ಲ. ಒಂದು ದಿನ ಹೊಸ ಡಬ್ಬಿಗಳು ಬಂದವು: ಹಸಿರು ದೀಪ, ಮೇಲೆ ಅಧ್ಯಕ್ಷರ ನಗುಮುಖ. ಹಳೆಯ ಫೈಲುಗಳನ್ನು ಅವು ಓದುವುದಿಲ್ಲ, ಹೊಸ ಫಾರ್ಮ್ಯಾಟೇ ಆಗಬೇಕು. ಮನೆಯವರು ತಮ್ಮ ಸದ್ದುಗಳನ್ನು ಆನ್‌ಲೈನಿನಲ್ಲಿ ಕನ್ವರ್ಟ್ ಮಾಡಿಸಿಕೊಂಡು, ಹಳೆಯ ಡಬ್ಬಿ ಒಪ್ಪಿಸಿ, ಹೊಸದು ಒಯ್ಯತಕ್ಕದ್ದು ಎಂದು ಡಂಗುರ ಸಾರಿದರು. ಡಂಗುರದ ಸದ್ದೂ ಡಬ್ಬಿಯದೇ. ಕನ್ವರ್ಟ್ ಯಾಕೆ ಬೇಕು, ಹಳೆಯದಕ್ಕೆ ಏನಾಗಿತ್ತು ಎಂದು ಯಾರೋ ಕೇಳಿದ್ದಕ್ಕೆ, ಹೊಸದರಲ್ಲಿ ಸದ್ದು ಕಡಿಮೆ ಜಾಗ ಹಿಡಿಯುತ್ತದೆ ಎಂಬ ಉತ್ತರ ಬಂತು. ಉಳಿದ ಜಾಗದಲ್ಲಿ ಏನು ಇಡಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ.

ಊರಿಗೆಲ್ಲ ಇರುವುದು ಒಂದೇ ಆನ್‌ಲೈನ್ ಸೆಂಟರ್, ಈರಬಸಪ್ಪನದು. ಅವನು ಕಂಡುಹಿಡಿದ ಜಾಲತಾಣ ಪುಕ್ಕಟೆ ಕನ್ವರ್ಟ್ ಮಾಡಿಕೊಡುತ್ತಿತ್ತು. ಫೈಲು ಏರಿಸಬೇಕು, ಗುಂಡಿ ಒತ್ತಬೇಕು, ನಡುವೆ ಕೂದಲು ಉದುರುವುದಕ್ಕೆ ಎಣ್ಣೆಯ ಜಾಹೀರಾತು ನೋಡಬೇಕು, ಇಳಿಸಿಕೊಳ್ಳಬೇಕು. ಆದರೆ ಒಬ್ಬೊಬ್ಬರದಾಗಿ ಮಾಡುತ್ತ ಕೂತರೆ ಎಣ್ಣೆಯ ಜಾಹೀರಾತು ನೋಡಿಯೇ ತನ್ನ ಕೂದಲು ಉದುರುತ್ತದೆ ಎಂದು ಈರಬಸಪ್ಪನಿಗೆ ಅನ್ನಿಸಿತು. ಇಡೀ ಊರಿನ ಫೈಲುಗಳನ್ನು ಒಟ್ಟಿಗೆ ಏರಿಸಿದ. ಪ್ರತಿ ಮನೆಯವರೂ ತಮ್ಮ ರೊಟ್ಟಿಯ ಸದ್ದಿಗೆ 'ರೊಟ್ಟಿ' ಎಂದೇ ಹೆಸರಿಟ್ಟಿದ್ದರು, ಬಾಗಿಲಿಗೆ 'ಬಾಗಿಲು' ಎಂದೇ. ಇನ್ನೇನು ಇಡುತ್ತಾರೆ. ಒಂದೇ ಹೆಸರಿನ ಫೈಲು ಮತ್ತೊಂದು ಬಂದಾಗ ಆ ತಾಣ ಮೊದಲಿನದನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಕೂರಿಸುತ್ತಿತ್ತು. 'ಬದಲಿಸಲೇ?' ಎಂದು ಕೇಳಿಯೇ ಕೂರಿಸುತ್ತಿತ್ತು, ಅದರ ತಪ್ಪೇನಿಲ್ಲ. ಈರಬಸಪ್ಪ ಪ್ರತಿ ಸಲವೂ 'ಹೌದು' ಒತ್ತಿದ. ಕಡೆಗೆ ಊರಿನ ಎಲ್ಲ ರೊಟ್ಟಿಗಳ ಪೈಕಿ ಉಳಿದದ್ದು ಕೊನೆಗೆ ಏರಿಸಿದ ಮನೆಯ ರೊಟ್ಟಿ. ಕೊನೆಯ ಮನೆ ಅಧ್ಯಕ್ಷರದು. ದೊಡ್ಡವರ ಮನೆಯ ಕೆಲಸವನ್ನು ಗದ್ದಲ ಮುಗಿದ ಮೇಲೆ ಸಾವಕಾಶವಾಗಿ, ಚೊಕ್ಕಟವಾಗಿ ಮಾಡಬೇಕೆಂದು ಅವನು ಅದನ್ನು ಹಿಂದಕ್ಕೆ ಇಟ್ಟುಕೊಂಡಿದ್ದ.

ಅಧ್ಯಕ್ಷರ ಮನೆಯಲ್ಲಿ ಯಾರೂ ರೊಟ್ಟಿ ಬಡಿದವರಲ್ಲ. ಕಟಕ್ ರೊಟ್ಟಿ ಕಟ್ಟುಗಟ್ಟಲೆ ಹೊರಗಿನಿಂದ ಬರುತ್ತದೆ. ಆದರೂ ಊಟದ ಹೊತ್ತಿಗೆ ಬೀದಿಗೆ ಸದ್ದು ಹೋಗದಿದ್ದರೆ ಜನ ಏನೆಂದಾರು? ಅದಕ್ಕೆ ಅವರು ತಮ್ಮ ಸನ್ಮಾನಗಳಿಗೆಂದು ಹೊರಗಿನಿಂದ ತರಿಸಿಟ್ಟಿದ್ದ ಚಪ್ಪಾಳೆಯನ್ನೇ ರೊಟ್ಟಿಯ ಡಬ್ಬಿಗೂ ತುಂಬಿಸಿದ್ದರು. ದೂರದಿಂದ ಕೇಳಿದರೆ ಎರಡೂ ಒಂದೇ ತರಹ ಇರುತ್ತಿದ್ದವು. ಹತ್ತಿರದಿಂದ ಕೇಳುವ ಭಾಗ್ಯ ನಮಗೆ ಕನ್ವರ್ಟ್ ಆದ ಮೇಲೆ ಸಿಕ್ಕಿತು.

ಹೀಗೆ ಊರಿಗೆ ಊರೇ ಅಧ್ಯಕ್ಷರ ಮನೆಯಾಯಿತು. ಗುಡಿಸಲಿನ ತಟ್ಟಿ ತೆಗೆದರೂ ಅವರ ಕಬ್ಬಿಣದ ಗೇಟಿನ ಸದ್ದು. ಯಾರ ಮನೆಗೆ ಯಾರು ಬಂದರೆಂದು ತಿಳಿಯದೆ, ಗೇಟು ಕೂಗಿದಾಗಲೆಲ್ಲ ಬೀದಿಯ ಎಲ್ಲ ಮನೆಯವರೂ ಹೊರಗೆ ಬಂದು ನಿಲ್ಲುತ್ತಿದ್ದರು. ನನ್ನ ಹೊಲಿಗೆ ಯಂತ್ರದ ಫೈಲಿಗೆ ನಾನು ಇಟ್ಟ ಹೆಸರು 'ಮಷಿನ್'. ಹಿಟ್ಟಿನ ಗಿರಣಿಯವನೂ ತನ್ನದಕ್ಕೆ ಅದನ್ನೇ ಇಟ್ಟಿದ್ದ, ಅವನದು ನನ್ನ ಹಿಂದೆ ಏರಿತ್ತು. ನಾನು ಜಂಪರಿಗೆ ಹೊಲಿಗೆ ಹಾಕಿದರೆ ಗಿರಣಿ ಗುಡುಗುತ್ತಿತ್ತು, ಜೋಳದ ಚೀಲ ಹೊತ್ತ ಹೆಂಗಸರು ಬಂದು ಸರತಿ ನಿಲ್ಲುತ್ತಿದ್ದರು.

ಒಂದೆರಡು ವಾರ ಗೊಣಗಾಟವಾಯಿತು. ಆಮೇಲೆ ನಮ್ಮ ಜನ ಹೊಂದಿಕೊಂಡರು. ಹೊಂದಿಕೊಳ್ಳುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ನಾಳೆ ಊರಿಗೆ ನೆಲವೇ ಇಲ್ಲವೆಂದರೂ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತೇವೆ. ಇನ್ನು ಹೆಂಗಸರಿಗೆ ಚಪ್ಪಾಳೆ ರುಚಿಸಿಯೇಬಿಟ್ಟಿತು. ಕೆಲವರು ರೊಟ್ಟಿ ತಿರುವಿ ಹಾಕುವಾಗ ತುಸು ತಲೆಬಾಗಿ ನಮಸ್ಕಾರ ಮಾಡುವುದನ್ನೂ ರೂಢಿಸಿಕೊಂಡರು. ಪಕ್ಕದ ಮನೆಯವಳು ಇಂದ್ರವ್ವನಿಗೆ ಹೇಳಿದ್ದನ್ನು ನಾನೇ ಕೇಳಿದೆ: "ಹೊಗಳಿಕಿ ಒಲ್ಲೆ ಅಂತೀಯಲ್ಲ ಯಕ್ಕಾ, ಇಷ್ಟ ವರ್ಷ ರೊಟ್ಟಿ ಬಡದ್ವಿ, ಯಾವ ಗಂಡಸು ಚಪ್ಪಾಳಿ ಹೊಡದಿದ್ದ?" ಇಂದ್ರವ್ವ ಒಲೆಗೆ ಇನ್ನೊಂದು ಕಟ್ಟಿಗೆ ಒತ್ತಿದಳು. ನಾನು ಎದ್ದು ಕೈ ತೊಳೆಯಲು ಹೋದೆ.

ಆದರೆ ಇಂದ್ರವ್ವನ ಮನಸ್ಸು ಒಗ್ಗಲಿಲ್ಲ. ಡಬ್ಬಿಯ ಲಯ ಹಿಡಿದು ಬಡಿದವಳು ಅವಳು, ಚಪ್ಪಾಳೆಗೆ ಲಯವೆಲ್ಲಿದೆ? ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು ಬರತೊಡಗಿತು. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ತವರಿನಿಂದ ಅವಳ ಜೊತೆ ಬಂದದ್ದರಲ್ಲಿ ಇಲ್ಲಿಯ ತನಕ ಅವಳದೇ ಆಗಿ ಉಳಿದದ್ದು ಆ ಸದ್ದೊಂದೇ. ಖಾನಾವಳಿ ಗಂಡನ ಹೆಸರಿನದು, ಪಾತ್ರೆ ಅತ್ತೆಯವು, ಖಾರದ ಹದವೂ ಅತ್ತೆ ಕಲಿಸಿದ್ದು. ಪಟಪಟ ಮಾತ್ರ ಅವಳದು. ಅದು ಹೋದ ಮೇಲೆ ಈ ಮನೆಯಲ್ಲಿ ತಾನು ಯಾರು ಎಂದು ಅವಳಿಗೆ ನಿಜವಾಗಿ ತಿಳಿಯದಾಯಿತು. ಇದನ್ನು ಗಂಡನಿಗೆ ಹೇಳಿದಳು. ಗುರುಪಾದಪ್ಪ ದುಡ್ಡಿನ ಗಲ್ಲೆಯ ಮುಂದೆ ಕೂತು ಉಳ್ಳಾಗಡ್ಡಿ ಸುಲಿಯುತ್ತಿದ್ದ.

"ಅಲ್ಲ, ಚಪ್ಪಾಳಿ ಬಂದ್ರ ನಿನಗೇನ್ ತ್ರಾಸು? ಮಂದಿ ಖುಷಿಲೆ ಉಣ್ಣಾಕತ್ತಾರ," ಎಂದ.

"ನೀವು ನನ್ನ ಒಪ್ಪಿದ್ದು ಚಪ್ಪಾಳಿ ಕೇಳೇನ್ರಿ?"

ಗುರುಪಾದಪ್ಪ ಉಳ್ಳಾಗಡ್ಡಿಯಿಂದ ತಲೆಯೆತ್ತಲಿಲ್ಲ. "ನನಗೂ ನೆನಪೈತಿ ಅದು," ಎಂದ ಸಣ್ಣಗೆ. "ಹೋಗಿ ಈರಬಸಪ್ಪನ್ನ ಕೇಳ್ ಹೋಗು. ಎಲ್ಲೋ ಇಟ್ಟಿರ್ತಾನ."

ಈರಬಸಪ್ಪ ಎಲ್ಲಿಯೂ ಇಟ್ಟಿರಲಿಲ್ಲ. ಜೊತೆಗೆ ಹೋಗಿದ್ದ ನಾನು ಅವನ ಪರದೆ ನೋಡಿದೆ. 'ನಿಮ್ಮ ಖಾಸಗಿತನ ನಮಗೆ ಮುಖ್ಯ. ನಿಮ್ಮ ಫೈಲುಗಳನ್ನು ನಾವು ಸುರಕ್ಷಿತವಾಗಿ ಅಳಿಸಿಹಾಕಿದ್ದೇವೆ' ಎಂದು ಬರೆದಿತ್ತು. ಪಕ್ಕದಲ್ಲಿ ಒಂದು ನಗುವ ಮುಖ ಬೇರೆ.

"ನೋಡ್ರಿ ಅಕ್ಕಾರ, ಎಷ್ಟ ಜ್ವಾಕಿ ಮಾಡ್ಯಾರ ಅವ್ರು," ಎಂದ ಈರಬಸಪ್ಪ. "ನಿಮ್ಮ ಸದ್ದು ಇನ್ ಯಾರ ಕೈಗೂ ಸಿಗಂಗಿಲ್ಲ."

"ನನ್ನ ಕೈಗೂ?"

"ಯಾರ ಕೈಗೂ ಅಂದ್ರ ಯಾರ ಕೈಗೂರಿ. ಅದಕ್ಕ ಅದು ಸುರಕ್ಷಿತ."

"ಹಳೆ ಡಬ್ಬ್ಯಾಗ ಇರಬೇಕಲ್ಲಪಾ?"

"ಹಳೆ ಡಬ್ಬಿ ನಿಮ್ಮ ಯಜಮಾನ್ರು ಒಪ್ಪಿಸ್ಯಾರಲ್ರಿ. ನಗರಸಭಿಯವ್ರು ಅವನ್ನೆಲ್ಲ ಕರಗಿಸಿ ಹೊಸ ಕಮಾನಿಗೆ ಹಾಕ್ಯಾರ. ಸ್ವಾಗತ ಕಮಾನು, ನೋಡೀರಿಲ್ಲ? ಚಂದ ಆಗೇತಿ."

ನಾವು ಅಧ್ಯಕ್ಷರ ಬಳಿಗೂ ಹೋದೆವು. ಅವರು ಇಂದ್ರವ್ವನನ್ನು ಕೂರಿಸಿ ಚಹಾ ಕೊಡಿಸಿದರು. ಅವರು ಕೆಟ್ಟವರಲ್ಲ. ಯಾರು ಏನು ದೂರು ತಂದರೂ ಅದು ತಮ್ಮ ಮೇಲಿನ ಅಭಿಮಾನವೆಂದು ತಿಳಿಯುವ ಒಂದು ರೋಗ ಮಾತ್ರ ಅವರಿಗಿದೆ.

"ತಾಯಿ, ನಿಮ್ಮ ರೊಟ್ಟಿಗೆ ನನ್ನ ಚಪ್ಪಾಳಿ ಬೀಳಾಕತ್ತೇತಿ ಅಂದ್ರ ನಿಮ್ಮಂಥ ಪುಣ್ಯವಂತ್ರು ಯಾರದಾರ?" ಎಂದರು. "ಮುಂದಿನ ತಿಂಗಳು ಕೆಮ್ಮು ತಗಸ್ತೀನಿ. ಅದೊಂದು ನನಗೂ ಸರಿ ಬಂದಿಲ್ಲ."

"ನನ್ನ ಸದ್ದು ನನಗ ಬೇಕ್ರಿ."

"ಸದ್ದಂದ್ರ ಎಲ್ಲಾರ್ದೂ ಒಂದ ಅವ್ವಾ. ಬ್ಯಾರೆ ಬ್ಯಾರೆ ಸದ್ದು ಇದ್ದಾಗ ಊರಾಗ ಎಷ್ಟ ಜಗಳ ಇದ್ವು. ಈಗ ನೋಡು, ಯಾರ ಬಾಗಿಲಾ ಬಡದ್ರೂ ಎಲ್ಲಾರೂ ಹೊರಗ ಬರ್ತಾರ. ಒಗ್ಗಟ್ಟು."

ಹೊರಗೆ ಬರುವಾಗ ಅವರ ಗೇಟಿನ ಗುಂಡಿ ಒತ್ತಿದೆವು, ಆ ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತರು. ಅವರ ನಡುವೆ ಇಂದ್ರವ್ವ ನಡೆದಳು. ಖಾನಾವಳಿ ಮುಟ್ಟಿದ ಮೇಲೆ ನನಗೆ ಹೇಳಿದಳು: "ರಾಚಣ್ಣಾ, ನನ್ನ ಕೈ ಎಲ್ಲಿ ಹೋಗೇತಿ? ಇಲ್ಲೆ ಐತಲ್ಲ. ಕಲ್ಲ ದಾಟಿ ಮತ್ತೊಮ್ಮೆ ಬಡದು ತುಂಬಿಸ್ಕೊಂಡ ಬರೂಣು."

ನನಗೆ ಇದು ಹೊಳೆದೇ ಇರಲಿಲ್ಲ. ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಬಡಿಯುವ ಹಲಗೆ ನಾನು ಹೊತ್ತೆ, ಹಿಟ್ಟು ನೀರು ಅವಳು ಹಿಡಿದಳು. ಗುರುಪಾದಪ್ಪ ಹೆಂಚು ಹೊತ್ತು ಹಿಂದೆ ಬಂದ. ಬರುವುದಿಲ್ಲ ಎಂದವನು ಹೊರಡುವ ಹೊತ್ತಿಗೆ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ. ಅವನ ಮುಖ ನೋಡಿದರೆ ಮತ್ತೊಮ್ಮೆ ಹೆಣ್ಣು ನೋಡಲು ಹೊರಟಂತಿತ್ತು. ನನಗೆ ನಗುವೂ ಬಂತು, ಅವನ ಮೇಲೆ ಪ್ರೀತಿಯೂ ಬಂತು. ಗಡಿಗಲ್ಲಿನ ಹತ್ತಿರ ನಾವಿಬ್ಬರೂ ಕಿವಿಗೆ ಹತ್ತಿ ಇಟ್ಟುಕೊಂಡೆವು. ಇಂದ್ರವ್ವ ಇಟ್ಟುಕೊಳ್ಳಲಿಲ್ಲ. ಕಲ್ಲು ದಾಟಿದವಳು ತಟ್ಟನೆ ನಿಂತಳು. ಬಗ್ಗಿ ಕಾಲುಂಗುರ ನೋಡಿದಳು, ಮತ್ತೆರಡು ಹೆಜ್ಜೆ ಇಟ್ಟಳು, ಮತ್ತೆ ನಿಂತಳು. ಅವಳ ಮುಖದಲ್ಲಿ ಏನೋ ಆಯಿತು, ಅದು ನಮಗೆ ಹತ್ತಿಯೊಳಗಿನಿಂದ ಕೇಳಲಿಲ್ಲ.

ಬೇಲಿಯ ಪಕ್ಕ ಮೂರು ಕಲ್ಲು ಹೂಡಿ ಒಲೆ ಮಾಡಿದಳು. ಹಿಟ್ಟು ನಾದಿದಳು. ನಾನು ಫೋನು ಹಿಡಿದು ಸಿದ್ಧನಾದೆ. ಗುರುಪಾದಪ್ಪ ಎದುರಿಗೆ ಕೂತು, ಹೆಣ್ಣು ನೋಡುವ ದಿನ ತೆಗೆದ ಹಾಗೆಯೇ ಎರಡೂ ಕಿವಿಯ ಹತ್ತಿ ತೆಗೆದ. ನಾನೂ ತೆಗೆದೆ. ಅವಳು ಬಡಿದಳು.

ಪಟ್. ಪಟ್. ಪಟ್. ಆಮೇಲೆ ಏನೂ ಇಲ್ಲ. ಮತ್ತೆ ಪಟ್, ಪಟ್, ಪಟ್, ಒಂದು ಖಾಲಿ. ಭಾರವಾದ, ಸಾವಕಾಶದ ಏಟು; ನಡುನಡುವೆ ಒಂದು ಏಟು ಇರಬೇಕಾದ ಕಡೆ ಬರೀ ಗಾಳಿ. ಹಿಂದೆ ಎಂದೋ ಅವಳ ಉಂಗುರದ ಬೆರಳು ಬೀಸುವ ಕಲ್ಲಿಗೆ ಸಿಕ್ಕು ಸೊಟ್ಟಗಾಗಿತ್ತು, ಅದು ಹಿಟ್ಟನ್ನು ಮುಟ್ಟುತ್ತಿರಲಿಲ್ಲ. ಹೀಗೆ ಏಟು ತಪ್ಪುತ್ತಿದ್ದದ್ದು ಊರೊಳಗೆ ಯಾರಿಗೂ ಗೊತ್ತಾಗಿರಲಿಲ್ಲ, ಅವಳಿಗೂ ಸಹ. ಡಬ್ಬಿಯಲ್ಲಿ ಹದಿಹರೆಯದ ಒಬ್ಬ ಹುಡುಗಿ ಎಲ್ಲೂ ತಪ್ಪದೆ ಬಡಿಯುತ್ತಿದ್ದಳು, ಅದರ ಕೆಳಗೆ ಇವಳ ಕೈ ಇಷ್ಟು ಕಾಲವೂ ಮೂಕವಾಗಿ ಮುದಿಯಾಗುತ್ತ ಬಂದಿತ್ತು. ನಾವು ಆ ಹುಡುಗಿಯನ್ನು ಕೇಳುತ್ತ ಈ ಹೆಂಗಸಿನ ರೊಟ್ಟಿ ತಿಂದಿದ್ದೆವು.

ಗುರುಪಾದಪ್ಪ ಬಹಳ ಹೊತ್ತು ಕೇಳಿದ. ಆಮೇಲೆ, "ಇದು ನಿಂದಲ್ಲ," ಎಂದ.

ಅವನು ಜಗಳಕ್ಕೆ ಹೇಳಲಿಲ್ಲ. ನಿಜವಾಗಿಯೂ ಗಾಬರಿಯಾಗಿ ಹೇಳಿದ, ಸಂತೆಯಲ್ಲಿ ತನ್ನವಳೆಂದು ಬೇರೆಯವಳ ಸೆರಗು ಹಿಡಿದವನ ಹಾಗೆ. ಅದು ಇನ್ನೂ ಕೆಟ್ಟದಾಗಿತ್ತು. ಇಂದ್ರವ್ವನ ಕೈ ನಿಂತಿತು. ಅವಳ ಕಣ್ಣಲ್ಲಿ ನೀರು ಬಂತು, ಅವಳು ಅದನ್ನು ಮರೆಮಾಡಲಿಲ್ಲ.

"ಇದ ನಂದು," ಎಂದಳು. "ಅದು ಆ ಹುಡುಗೀದು. ಅಕಿ ನಿಮ್ಮೂರಿಗೆ ಬರಲೇ ಇಲ್ಲ, ಕಲ್ಲಿನ ಈ ಕಡೆಗೇ ಉಳದ್ಲು. ನಿಮ್ಮ ಕೂಡ ಬಾಳೇ ಮಾಡಿದಕಿ ನಾನು."

ಗುರುಪಾದಪ್ಪ ಎದ್ದು, ಹತ್ತಿಯನ್ನು ಕಿವಿಗೆ ತುರುಕಿಕೊಂಡು, ಊರ ಕಡೆ ನಡೆದುಬಿಟ್ಟ. ನನಗೆ ಅವನನ್ನು ಎರಡು ಬಾರಿಸಬೇಕು ಅನ್ನಿಸಿತು. ಆದರೆ ಕಲ್ಲಿನಾಚೆ ಬಾರಿಸಿದರೆ ಸದ್ದಾಗುತ್ತದಲ್ಲ, ಮರ್ಯಾದೆಯ ಪ್ರಶ್ನೆ. ಸುಮ್ಮನೆ ಫೋನು ಹಿಡಿದು, "ಅಕ್ಕಾ, ತುಂಬಿಸ್ಕೊಳ್ಳೂನಾ?" ಎಂದೆ.

"ತುಂಬಿಸ್ಕೊಂಡ ಹೋಗಿ ಈರಬಸಪ್ಪಗ ಕೊಡ್ಲಿ? ಅವ ಕನ್ವರ್ಟ್ ಮಾಡ್ಲಿ, ಡಬ್ಬ್ಯಾಗ ಹಾಕ್ಲಿ, ನಾಳೆ ನನ್ನ ಕೈ ಮತ್ತ ಬ್ಯಾರೆ ಆಗ್ಲಿ, ಡಬ್ಬಿ ಇದನ್ನ ಬಡಕೋತ ಕೂಡ್ಲಿ?" ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ನೀ ಹಸಗೊಂಡೀಯಿಲ್ಲೋ? ಕೂಡ್ರು."

ನಾನು ಕೂತೆ. ಆ ಬೇಲಿಯ ಪಕ್ಕದಲ್ಲಿ ಮೊದಲ ರೊಟ್ಟಿ ಮುರಿದಾಗ ಅದು ಕಟಕ್ಕೆಂದಿತು, ನಾನು ಹೆದರಿ ಕೈಬಿಟ್ಟೆ. ಜಗಿದಾಗ ತಲೆಯೊಳಗೆ ಎಮ್ಮೆ ಮೇವು ತಿನ್ನುವಂಥ ಸದ್ದು. ಇಷ್ಟು ವರ್ಷ ಹೀಗೆ ತಿಂದಿದ್ದೇನೆಯೇ ಎಂದು ನಾಚಿಕೆಯಾಯಿತು. ಆದರೆ ರೊಟ್ಟಿ ಒಂದೇ ಸಮ ತೆಳ್ಳಗಿತ್ತು, ತೂತಿಲ್ಲ, ದಪ್ಪವಿಲ್ಲ. ಆ ಖಾಲಿ ಏಟಿನ ಹೊತ್ತಿಗೆ ಅವಳು ರೊಟ್ಟಿಯನ್ನು ತುಸು ತಿರುಗಿಸುತ್ತಿದ್ದಳು ಎಂದು ಆಗ ಕಂಡಿತು. ಅವಳಿಗೂ ಆಗಲೇ ಕಂಡಿರಬೇಕು, ಒಬ್ಬಳೇ ನಕ್ಕಳು.

ಆ ದಿನ ಇಂದ್ರವ್ವ ಊರೊಳಗೆ ಬಡಿಯಲು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಒಲೆಗೆ ಮಣ್ಣು ಮೆತ್ತಿದಳು, ಮೇಲೆ ತಗಡು ಹಾಕಿಸಿದಳು. ಗುರುಪಾದಪ್ಪ ಊರೊಳಗಿನ ಖಾನಾವಳಿಯಲ್ಲಿ ತಾನೇ ರೊಟ್ಟಿ ಬಡಿಯಲು ಕೂತ. ಚಪ್ಪಾಳೆ ಧಾರಾಳವಾಗಿ ಬೀಳುತ್ತಿತ್ತು, ರೊಟ್ಟಿ ಮಾತ್ರ ನನ್ನ ಇಸ್ತ್ರಿ ಪೆಟ್ಟಿಗೆಗೆ ತಳವಾಗಿ ಇಟ್ಟುಕೊಳ್ಳಬಹುದಾಗಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಕಲ್ಲು ದಾಟಿ ಬರತೊಡಗಿದರು. ಮೊದಲಿಗೆ ಹತ್ತಿ ಇಟ್ಟುಕೊಂಡೇ ಬಂದರು. ಆದರೆ ಹತ್ತಿ ಇಟ್ಟುಕೊಂಡು ಇನ್ನೊಂದು ರೊಟ್ಟಿ ಬೇಕೇ ಎಂದರೆ ಕೇಳಿಸುವುದಿಲ್ಲ, ಪಕ್ಕದವನು ನಿಮ್ಮ ಪಾಲಿನ ಶೇಂಗಾ ಹಿಂಡಿಯನ್ನೂ ತಿಂದುಬಿಡುತ್ತಾನೆ. ಹಾಗಾಗಿ ತೆಗೆದರು. ತೆಗೆದವರು ತಮ್ಮ ತಮ್ಮ ದವಡೆಯ ಸದ್ದು ಕೇಳಿ, ಪಕ್ಕದವರು ಕೇಳಿದರೇನೋ ಎಂದು ಕದ್ದು ನೋಡಿ, ಅವರದು ಇನ್ನೂ ಜೋರಾಗಿದೆಯೆಂದು ಸಮಾಧಾನಪಟ್ಟುಕೊಂಡರು. ನಿವೃತ್ತ ಹೆಡ್‌ಮಾಸ್ತರರು ತಾವು ಮಜ್ಜಿಗೆ ಸೊರ್ರೆಂದು ಕುಡಿಯುವುದನ್ನು ಜೀವನದಲ್ಲಿ ಮೊದಲ ಸಲ ಕೇಳಿಸಿಕೊಂಡು ಎರಡು ದಿನ ಮುಖ ತೋರಿಸಲಿಲ್ಲ, ಮೂರನೆಯ ದಿನ ಬಂದು ಸೊರ್ರೆಂದೇ ಕುಡಿದರು.

ಗುರುಪಾದಪ್ಪ ಕೊನೆಗೆ ಬಂದ. ಜನರೆಲ್ಲ ಎದ್ದು ಹೋದ ಮೇಲೆ ಬಂದು, ದೂರದಲ್ಲಿ ಕೂತ, ಕಿವಿಯಲ್ಲಿ ಹತ್ತಿಯಿತ್ತು. ಇಂದ್ರವ್ವ ತಾಟು ಇಟ್ಟು, ಬಡಿಯುತ್ತ ಕೂತಳು. ಅವನು ಉಣ್ಣುತ್ತ ಅವಳ ಕೈ ನೋಡುತ್ತಿದ್ದ. ಅರ್ಧ ಊಟದಲ್ಲಿ ಒಂದು ಕಿವಿಯ ಹತ್ತಿ ತೆಗೆದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಿವಿಯದೂ ತೆಗೆದ.

"ಬೆರಳು ಯಾವಾಗ ಹಂಗಾತು?" ಎಂದ.

"ನಿಮ್ಮವ್ವ ಇದ್ದಾಗ. ಬೀಸೂಕಲ್ಲಿಗೆ ಸಿಕ್ಕಿತ್ತು."

"ನನಗ ಹೇಳಲಿಲ್ಲ."

"ಹೇಳಿದ್ನಿ. ನೀವು ಡಬ್ಬಿ ಕೇಳ್ಕೋತ ಕೂತಿದ್ರಿ."

ಗುರುಪಾದಪ್ಪ ತಲೆ ತಗ್ಗಿಸಿ ಉಳಿದ ರೊಟ್ಟಿಯನ್ನು ಸಾವಕಾಶವಾಗಿ ತಿಂದ. ಮರುದಿನ ಬೆಳಿಗ್ಗೆ ಊರೊಳಗಿನ ಖಾನಾವಳಿಗೆ ಬೀಗ ಹಾಕಿ, ಗಲ್ಲೆ ಹೊತ್ತುಕೊಂಡು ಬಂದು ತಗಡಿನ ಕೆಳಗೆ ಇಟ್ಟ. ಉಳ್ಳಾಗಡ್ಡಿ ಸುಲಿಯುವಾಗ ಸಿಪ್ಪೆಯೂ ಸದ್ದು ಮಾಡುತ್ತದೆ ಎಂದು ಯಾರಾದರೂ ಬಂದರೆ ಅವರಿಗೆ ಕೇಳಿಸುತ್ತಿದ್ದ.

ಇಷ್ಟಕ್ಕೆ ಕತೆ ಮುಗಿಯಬಹುದಿತ್ತು, ಆದರೆ ನಮಗೆ ನಗರಸಭೆಯಿದೆ. ಮಧ್ಯಾಹ್ನವಾದರೆ ಊರಿನ ಅರ್ಧ ಗಂಡಸರು ಊರಿನಲ್ಲಿ ಇರುವುದಿಲ್ಲ ಎಂಬ ವಿಷಯ ಅಧ್ಯಕ್ಷರ ಕಿವಿಗೆ ಬಿತ್ತು. ಅವರಿಗೆ ಸಿಟ್ಟು ಬರಲಿಲ್ಲ. 'ಇಂಥ ಹೆಮ್ಮೆಯ ಖಾನಾವಳಿ ಊರ ಹೊರಗೆ ಇರುವುದು ಊರಿಗೇ ಅವಮಾನ' ಎಂದರು. ನಗರಸಭೆಯಲ್ಲಿ ಠರಾವು ಆಯಿತು. ಒಂದು ದಿನ ಊಟದ ಹೊತ್ತಿಗೆ ಅವರು ಹಾರ ಹಿಡಿದು ಬಂದರು, ಹಿಂದೆ ನಾಲ್ಕು ಮಂದಿ ಗಡಿಗಲ್ಲು ಕಿತ್ತು ಹೊತ್ತು ತಂದರು. ಕಲ್ಲನ್ನು ಇಂದ್ರವ್ವನ ಒಲೆ ದಾಟಿ, ತಗಡು ದಾಟಿ, ಎಮ್ಮೆ ಕಟ್ಟುವ ಗೂಟದ ಆಚೆ ನೆಟ್ಟರು.

ಅವಳು ಬಡಿಯುತ್ತಿದ್ದಳು. ಪಟ್, ಪಟ್. ಮೂರನೆಯದು ಬರಲಿಲ್ಲ. ಖಾಲಿ ಏಟಿನ ಸರದಿ ಇನ್ನೂ ಬಂದಿರಲಿಲ್ಲ. ಅವಳ ಕೈ ಬಿತ್ತು, ಎದ್ದಿತು, ಬಿತ್ತು, ಏನೂ ಇಲ್ಲ. ನಮ್ಮ ದವಡೆಗಳೂ ಒಮ್ಮೆಲೇ ಮೂಕವಾದವು. ಹೆಡ್‌ಮಾಸ್ತರರ ಮಜ್ಜಿಗೆ ಸದ್ದಿಲ್ಲದೆ ಒಳಗೆ ಹೋಯಿತು, ಅವರು ಲೋಟದೊಳಗೆ ಇಣುಕಿ ನೋಡಿದರು. ಇಂದ್ರವ್ವ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಮದುವೆಯ ದಿನ ಕಾಲುಂಗುರ ನೋಡಿಕೊಂಡದ್ದು ಹೀಗೆಯೇ ಇರಬೇಕು.

"ಊರು ನಿಮ್ಮ ಬಾಗಿಲಿಗೆ ಬಂದೇತಿ ತಾಯಿ," ಎಂದು ಅಧ್ಯಕ್ಷರು ಹಾರ ಹಾಕಲು ಬಂದರು. ಅವರ ಹಿಂದಿದ್ದವರಲ್ಲಿ ಒಬ್ಬ ಹಸಿರು ದೀಪದ ಹೊಸ ಡಬ್ಬಿಯನ್ನು ಒಲೆಯ ಪಕ್ಕ ಇಟ್ಟು ಗುಂಡಿ ಒತ್ತಿದ. ಚಪ್ಪಾಳೆ ಬಿತ್ತು. ಕೆಮ್ಮು ತೆಗೆಸಿದ್ದರು.

ಇಂದ್ರವ್ವ ಹಾರಕ್ಕೆ ಕುತ್ತಿಗೆ ಕೊಡಲಿಲ್ಲ. ಒಲೆಗೆ ನೀರು ಚಿಮುಕಿಸಿದಳು, ಬೆಂಕಿ ಸದ್ದಿಲ್ಲದೆ ಆರಿತು. ಬಡಿಯುವ ಹಲಗೆಯನ್ನು ತಲೆಯ ಮೇಲೆ ಇಟ್ಟುಕೊಂಡು ಹೊರಟಳು. ಗುರುಪಾದಪ್ಪ ಗಲ್ಲೆ ಎತ್ತಿದ, ನಾನು ಹೆಂಚು ಎತ್ತಿದೆ, ಉಣ್ಣುತ್ತಿದ್ದವರು ತಮ್ಮ ತಮ್ಮ ತಾಟು ಹಿಡಿದುಕೊಂಡೇ ಹಿಂದೆ ಬಂದರು. ಹೊಸದಾಗಿ ನೆಟ್ಟ ಕಲ್ಲು ದಾಟಿದ ಕೂಡಲೇ ಅವಳ ಕಾಲುಂಗುರ ನುಡಿಯಿತು, ಅದರ ಹಿಂದೆ ನಮ್ಮ ಚಪ್ಪಲಿಗಳು ಒಂದೊಂದಾಗಿ ಗದ್ದಲ ಎಬ್ಬಿಸಿದವು. ಹಿಂದೆ ಅಧ್ಯಕ್ಷರು ಹಾರ ಹಿಡಿದು ನಿಂತಿದ್ದರು. ಡಬ್ಬಿ ಅವರಿಗೆ ಜಯವಾಗಲಿ ಎನ್ನುತ್ತಿತ್ತು.

ಅಂದಿನಿಂದ ನಮ್ಮೂರು ಬೆಳೆಯುತ್ತಲೇ ಇದೆ. ಖಾನಾವಳಿಯ ಹಿಂದೆ ಕಲ್ಲು ಬರುತ್ತದೆ, ಕಲ್ಲಿನ ಮುಂದೆ ಖಾನಾವಳಿ ಹೋಗುತ್ತದೆ. ಇಷ್ಟು ವಿಸ್ತಾರ ಹಿಂದಿನ ಯಾವ ಅಧ್ಯಕ್ಷರ ಕಾಲದಲ್ಲಿಯೂ ಆಗಿರಲಿಲ್ಲ ಎಂದು ಸ್ವಾಗತ ಕಮಾನಿನ ಮೇಲೆ ಬರೆಸಿದ್ದಾರೆ. ಅದು ಸುಳ್ಳಲ್ಲ. ನನಗೆ ಊಟಕ್ಕೆ ಹೋಗಿ ಬರುವುದರೊಳಗೆ ಹೊತ್ತು ಇಳಿಯುತ್ತದೆ, ಹೊಲಿಗೆ ಹಿಂದೆ ಬಿದ್ದಿದೆ. ಆದರೂ ಕಲ್ಲು ದಾಟಿ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡಾಗ, ಮೊದಲು ನನ್ನ ಚಪ್ಪಲಿ ಕೇಳಿಸುತ್ತದೆ, ಆಮೇಲೆ ಹೊಲದ ಆಚೆಯಿಂದ ಅವಳ ಮೂರು ಏಟು ಮತ್ತು ಒಂದು ಖಾಲಿ ಕೇಳಿಸುತ್ತದೆ. ನಾನು ಆ ಖಾಲಿಗಾಗಿಯೇ ಕಾಯುತ್ತೇನೆ ಎಂದು ಈಚೆಗೆ ನನಗೆ ತಿಳಿದಿದೆ.

ನಿನ್ನೆ ಹೋದಾಗ ಇಂದ್ರವ್ವ ಬಡಿಯುವುದನ್ನು ನಿಲ್ಲಿಸದೆ, ತಲೆಯನ್ನೂ ಎತ್ತದೆ ಕೇಳಿದಳು: "ರಾಚಣ್ಣಾ, ಕಲ್ಲು ಎಲ್ಲಿತನ ಬಂತು?"

"ಬೇವಿನ ಗಿಡದ ತನ ಬಂದೈತಿ ಅಕ್ಕಾ. ನಾಕ ಮಂದಿ ಹೊತ್ತಾರ."

ಅವಳು ಕಿವಿಗೊಟ್ಟು ಕೇಳಿದಳು. ದೂರದಲ್ಲಿ ಆ ನಾಲ್ವರು ಏದುಸಿರು ಬಿಡುತ್ತಿದ್ದರು.

"ಹಂಗಾರ ಇನ್ನೊಂದ್ ರೊಟ್ಟಿಗೆ ಹೊತ್ತೈತಿ," ಎಂದಳು. "ಕೂಡ್ರು."